ಹೆಬ್ಬೆರಳು

ಏಪ್ರಿಲ್ಲಿನ ಶನಿವಾರ. ರಾತ್ರಿ ಪಾಳಿ ಮುಗಿಸಿ,
ನಾನೂರು ಬ್ರೆಡ್ಡು ಎಣಿಸಿಕೊಟ್ಟು,
ಮಲಗದೆ ಹಾಗೇ ಹ್ಯಾಲಿಫ್ಯಾಕ್ಸಿನ ಬಸ್ಸು ಹತ್ತಿದೆ.
ಚರ್ಚಿನ ಹಿಂದಿನ ಸಭಾಂಗಣ. ಒಳಗೆ
ಒದ್ದೆ ಕೋಟುಗಳು, ಕುದ್ದು ಕುದ್ದು ಕರಿದಾದ ಚಹದ ವಾಸನೆ,
ಕಪ್ಪು ಬಟ್ಟೆ ಹೊದಿಸಿದ ಮೆಟ್ಟಿಲ ಮೇಲೆ
ಆರಿಕ್ಯುಲಗಳು.

ಗೊತ್ತಿಲ್ಲದವರಿಗೆ ಹೇಳಬೇಕು:
ಅಂಗೈಯಗಲದ ಗಿಡ. ಬೆಟ್ಟದ ಜಾತಿ.
ಚಳಿಗೆ ಹೆದರದು, ಹಿಮಕ್ಕೆ ಹೆದರದು,
ಒಂದು ಹನಿ ಮಳೆಗೆ ಹೆದರುತ್ತದೆ.
ಯಾಕೆಂದರೆ ಎಲೆಯ ಮೇಲೆ ಹಿಟ್ಟು.
ಹೌದು, ಹಿಟ್ಟು. ಜರಡಿ ಹಿಡಿದ ಮೈದಾದ ಹಾಗೆ,
ಗಿಡ ತಾನೇ ಬೀಸಿ ತಾನೇ ಬಳಿದುಕೊಂಡದ್ದು.
ಹನಿ ಬಿದ್ದರೆ ಕಲೆ. ಕಲೆ ಬಿದ್ದರೆ
ವರ್ಷದ ದುಡಿಮೆ ನೀರಿನ ಪಾಲು.

ಹೂವೋ, ನಡುವೆ ಹಳದಿ ಕೊಳವೆ,
ಸುತ್ತ ಸುಣ್ಣ ಬಳಿದಂಥ ಬಿಳಿ ಬಳೆ,
ಆಮೇಲೆ ಕಪ್ಪು, ಕಾಡಿಗೆ ಕದಡಿದ್ದು,
ಅಂಚಿಗೆ ಮಾತ್ರ ಎಲೆಯದೇ ಬೂದು ಹಸಿರು:
ಹೂವಾಗಲು ಹೊರಟು ಕೊನೇ ಗಳಿಗೆಯಲ್ಲಿ
ಮನಸ್ಸು ಬದಲಿಸಿದಂತೆ.

ತೀರ್ಪುಗಾರರು ಇಬ್ಬರು, ಭೂತಗನ್ನಡಿ ಹಿಡಿದು
ಕೊಳವೆಯೊಳಗೆ ಇಣುಕುತ್ತಾರೆ, ಕಿವಿ ನೋಡುವ ಡಾಕ್ಟರ ಹಾಗೆ.
ಒಳಗೆ ಗುಂಡುಸೂಜಿಯ ತಲೆ ಕಂಡರೆ ಮುಗಿಯಿತು,
ಎಷ್ಟೇ ಚೆಲುವಿದ್ದರೂ ಸಾಲಿನಿಂದ ಆಚೆ.
ನನ್ನ ಬಚ್ಚಲಮನೆ ಕಿಟಕಿಯ ಆರು ಕುಂಡದಲ್ಲಿ
ಎರಡನ್ನು ಬೇರುಹುಳು ತಿಂದಿತು.
ಉಳಿದ ನಾಲ್ಕಕ್ಕೂ ಗುಂಡುಸೂಜಿ.
ಅವುಗಳ ಮೇಲೆ ನನಗೆ ಪ್ರೀತಿ. ಅದು ಬೇರೆ ಮಾತು.

ಮೊದಲ ಬಹುಮಾನ ಈನಿಡ್ ಬ್ಯಾರಕ್ಲಫ್‌ಗೆ.
ಎಂಬತ್ತೊಂದರ ಮುದುಕಿ, ಜಮಖಾನೆ ಮಿಲ್ಲಿನಲ್ಲಿ ಮಗ್ಗ ನಡೆಸಿದವಳು.
ತಾಮ್ರದ ಕೆಟಲು ಕೊಟ್ಟರು,
ಬರುವ ವರ್ಷ ತೊಳೆದು ತಿರುಗಿಸಬೇಕು.
ಅವಳು ಚಹಕ್ಕೆ ಹೋದಳು.
ಗಿಡ ಮತ್ತು ನಾನು ಉಳಿದೆವು.

ಮೂವತ್ತೊಂದು ವರ್ಷ ಹಿಟ್ಟಿನಲ್ಲೇ ಬದುಕಿದ ಕೈ.
ತೇವ ಎಷ್ಟು, ಜಿಗುಟು ಎಷ್ಟು, ಹೊಸದೋ ಹಳೆಯದೋ,
ಕಣ್ಣು ಕೇಳುವ ಮೊದಲೇ ಬೆರಳು ಹೇಳಿಬಿಡುತ್ತದೆ.
ಅದಕ್ಕೆ ನನ್ನ ಅಪ್ಪಣೆಯೂ ಬೇಡ.
ಹೋಯಿತು. ಮುಟ್ಟಿತು.
ಮೈದಾ ಅಲ್ಲ. ಮೇಣದ ಪುಡಿಯ ಹಾಗೆ ಕೊಂಚ ಜಾರಿಕೆ.
ಇಷ್ಟು ತಿಳಿದದ್ದಕ್ಕೆ, ಕೆಳಗಿನ ಎಲೆಯ ಮೇಲೆ
ನನ್ನ ಹೆಬ್ಬೆರಳು, ಸುಳಿಸುಳಿಯಾಗಿ,
ಪೊಲೀಸ್ ಠಾಣೆಯ ಕಾಗದಕ್ಕೆ ಒತ್ತಿದಷ್ಟು ಸ್ಪಷ್ಟ.

ಬಂದಳು. ಕಪ್ಪು ಇಟ್ಟಳು. ಕನ್ನಡಕ ಏರಿಸಿದಳು.
'ಬಲಗೈ' ಅಂದಳು,
ಯಾರಿಗೂ ಅಲ್ಲ, ಕೆಟಲಿಗೆ.

ನಾನು ನನ್ನ ಕೈ ನೋಡಿಕೊಂಡೆ.
ಉಗುರ ಸಂದಿ, ಮಣಿಕಟ್ಟಿನ ಗೆರೆ, ತೋಳಿನ ಮಡಿಕೆ,
ನಡುರಾತ್ರಿಯಿಂದಲೂ ಎಲ್ಲ ಬೆಳ್ಳಗೆ.
ಇಷ್ಟು ಹಿಟ್ಟಿನಲ್ಲಿ ಆ ಒಂದು ಚಿಟಿಕೆಯನ್ನು
ಯಾವ ಭೂತಗನ್ನಡಿ ಹುಡುಕೀತು?
ಬಾಯಿ ತೆರೆದೆ.
'ತುಂಬ ಚೆನ್ನಾಗಿ ಬೆಳೆಸಿದ್ದೀರಿ' ಅಂದೆ.

ನಾಲ್ಕು ಗಂಟೆಗೆ ಮಾರಾಟದ ಮೇಜಿನ ಹಿಂದೆ ಅವಳೇ.
ಅದೇ ತಾಯಿಯ ಮರಿ, ಎರಡು ಪೌಂಡು,
ಹಳೇ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಳು.
'ಬೇಕರಿಯಾ?' ನನ್ನ ತೋಳು ನೋಡಿ ಕೇಳಿದಳು.
'ಹೌದು.'
'ಮೇಲಿಂದ ನೀರು ಹಾಕಬೇಡ.
ಮೊದಲ ವರ್ಷ ಮೊಗ್ಗು ಬಂದರೆ ಚಿವುಟಿಬಿಡು, ಮನಸ್ಸು ಗಟ್ಟಿ ಮಾಡಿ.'
ಚಿಲ್ಲರೆ ಎಣಿಸಿದಳು, ನಿಧಾನವಾಗಿ, ಎರಡು ಸಲ.
'ಇನ್ನು ಈ ಮುಟ್ಟುವುದು...' ಅಂತ ಶುರುಮಾಡಿದಳು.
ಅಷ್ಟರಲ್ಲಿ ಮೆಟ್ಟಿಲು ಬಿಚ್ಚುತ್ತಿದ್ದ ಸೆಲ್ವಿನ್
ಸ್ಕ್ರೂಡ್ರೈವರಿಗೆ ಕೂಗಿದ. ಎದ್ದು ಹೋದಳು.

ಈಗ ಜೂನ್. ಕಿಟಕಿಯಲ್ಲಿ ಮೂರು ಎಲೆ, ಬೋಳು ಹಸಿರು.
ಮರಿಗೆ ಇನ್ನೂ ಹಿಟ್ಟು ಬಂದಿಲ್ಲ.
ಬೆಳಗಿನ ಆರಕ್ಕೆ ಮನೆಗೆ ಬಂದು,
ಕೈ ತೊಳೆದು, ಒರೆಸಿ, ಬೆನ್ನ ಹಿಂದೆ ಕಟ್ಟಿಕೊಂಡು
ನಿಲ್ಲುತ್ತೇನೆ.
ನಾಲ್ಕನೆಯದು ಸುರುಳಿ ಬಿಚ್ಚುತ್ತಿದೆ.
ತುದಿಯಲ್ಲಿ ಏನೋ ಬೆಳ್ಳಗೆ,
ಹಿಟ್ಟೋ, ಸೋಪಿನ ನೊರೆ ಹಾರಿ ಒಣಗಿದ್ದೋ.
ತಿಳಿಯಲು ನನಗೆ ಗೊತ್ತಿರುವ ದಾರಿ
ಒಂದೇ.