ಬಿಟ್ಟ ದಾರ

ನನ್ನ ಕೆಲಸ ಇಷ್ಟೇ.
ಹೊಲಿದು ಬಂದ ಜೀನ್ಸಿನ ಒಳಮೈ ತಿರುವಿ
ಅಲ್ಲಲ್ಲಿ ಉಳಿದ ದಾರದ ತುದಿ ಹುಡುಕಿ
ಕಚಕ್.
ಒಂದು ಪ್ಯಾಂಟಿಗೆ ಎಪ್ಪತ್ತೈದು ಪೈಸೆ.
ಕೌಲ್ ಬಜಾರಿನ ಈ ತಗಡಿನ ಶೆಡ್ಡಿನಲ್ಲಿ
ಮೇ ತಿಂಗಳ ಮಧ್ಯಾಹ್ನ ಫ್ಯಾನೂ ಬಿಸಿ ಉಸಿರು ಬಿಡುತ್ತದೆ.
ಉಗುರಿನ ಸಂದಿಗೆ ಇಳಿದ ನೀಲಿ
ಅನ್ನ ಕಲಸುವಾಗಲೂ ಬಿಡುವುದಿಲ್ಲ.

ಮೂರನೆಯ ಕೂಸು ಇನ್ನೂ ಹಾಲು ಬಿಟ್ಟಿರಲಿಲ್ಲ,
ಮುಟ್ಟಿನ ದಿನ ದಾಟಿತು.
ಹದಿನೆಂಟು ದಿನ ಎಣಿಸಿದೆ.
ಆ ಎಣಿಕೆಯಲ್ಲಿ ಈ ಎಣಿಕೆ ತಪ್ಪಿ
ನೂರರ ಕಟ್ಟಿನಲ್ಲಿ ತೊಂಬತ್ತೇಳು ಕಟ್ಟಿ ಕಳಿಸಿದೆ,
ಮೇಸ್ತ್ರಿ ಎಲ್ಲರೆದುರು ಬೈದ.
ಹತ್ತೊಂಬತ್ತನೆಯ ದಿನ ಸೀರೆ ಕಲೆಯಾಯಿತು.
ಅಷ್ಟು ಖುಷಿ ನಾನು ಮದುವೆಯಲ್ಲೂ ಪಟ್ಟವಳಲ್ಲ.

ಕರುಣಮ್ಮ ಸಿಸ್ಟರ್ ಟೇಬಲ್ಲಿನ ಮೇಲೆ
ಬಳೆಗಾರ್ತಿಯ ಹಾಗೆ ಎಲ್ಲ ಹರಡಿದಳು.
ದಿನಕ್ಕೊಂದು ಗುಳಿಗೆ, ತತ್ತಿ ಬಿಡುಗಡೆಯಾಗದಂತೆ ತಡೆಯುತ್ತೆ, ಮರೀಬಾರದು.
ಒಲೆ ಮೇಲೆ ಹಾಲಿಟ್ಟು ಮರೆಯುವವಳು ನಾನು.
ಮೂರು ತಿಂಗಳಿಗೊಂದು ಸೂಜಿ.
ಅಯ್ಯೋ, ದಿನವಿಡೀ ನೋಡುವುದು ಸೂಜಿಯನ್ನೇ.
"ಗಂಡಸರದ್ದೂ ಐತಮ್ಮ. ಕೊಯ್ಯೋದಿಲ್ಲ, ಹೊಲಿಯೋದಿಲ್ಲ,
ಹತ್ತು ನಿಮಿಷ. ನಿಮ್ಮೆಜಮಾನ್ರು?"

ಎರ್ರಿಸ್ವಾಮಿ ಕಟಿಂಗ್ ಮಾಸ್ಟರು.
ಒಂದೇ ಏಟಿಗೆ ಎಂಬತ್ತು ಪದರ ಬಟ್ಟೆ ಕೊಯ್ಯುವ ಕೈ.
ಅವತ್ತು ಆಸ್ಪತ್ರೆ ಗೇಟಿನಾಚೆ ನಿಂತು
ಬೀಡಿ ಹಚ್ಚಲು ನಾಲ್ಕು ಕಡ್ಡಿ ಗೀರಿದ.
ಹೊಲಿಗೆನೂ ಇಲ್ಲವಂತೆ ಅಂದೆ.
"ಹೊಲಿಗೆ ಇಲ್ಲದ ಕೆಲಸ ಗಟ್ಟಿ ಅಲ್ಲ" ಅಂದ.

ಉಳಿದದ್ದು ಇದು:
ಹುಣಿಸೆ ಚಿಗುರಿನಷ್ಟು ಉದ್ದ, ಬಿಳಿ,
ಸೊಂಟಕ್ಕೂ ತೋಳಿಗೂ ಸುತ್ತಿದ ತಾಮ್ರ.
ಅತ್ತೆ ಹೇಳಿದ್ದಳು,
ತಾಮ್ರ ಮೈಯೊಳಗೆ ಕಿಲುಬು ಹಿಡಿದು
ಮೆಲ್ಲಗೆ ಎದೆಗೇರುತ್ತದಂತೆ.
ಸಿಸ್ಟರ್ ನಗಲಿಲ್ಲ. ನನ್ನ ಮಡಿಲಲ್ಲಿದ್ದ ಚೀಲದಿಂದ
ಹೊಲಿಗೆ ತಪ್ಪಿದ ಪ್ಯಾಂಟೊಂದನ್ನು ಎಳೆದು
ಜೇಬಿನೊಳಗೆ ಒಂದು ರೂಪಾಯಿ ಹಾಕಿದಳು.
"ಗರ್ಭಚೀಲ ಅಂದ್ರೆ ಇಷ್ಟೇ.
ಜೇಬಿನಾಗಿನ ರೂಪಾಯಿ ಕಾಲರಿಗೆ ಏರ್ತೈತಾ?"

ಮತ್ತೆ, ಬಸಿರು ಹೇಗೆ ನಿಲ್ಲೋದು?
"ತಾಮ್ರ ಕಣ್ಣಿಗೆ ಕಾಣದಷ್ಟು ಬಿಡ್ತಾ ಇರ್ತೈತೆ.
ಅದು ತಗುಲಿದ್ರೆ ಗಂಡಸಿನ ಬೀಜಕ್ಕೆ ಈಜೋ ಶಕ್ತಿ ಹೋಗ್ತೈತೆ,
ತತ್ತಿ ತನಕ ಮುಟ್ಟಂಗಿಲ್ಲ.
ಕೂಡಿದ್ರೆ ತಾನೆ ಕೂಸು?
ಯಾರನ್ನೂ ಕೊಂದಂಗಲ್ಲ ಸುಂಕಮ್ಮ,
ಭೇಟಿ ತಪ್ಪಿಸಿದಂಗೆ."

ಮಂಚದ ಮೇಲೆ ಮಲಗಿ
ಮಿಣಮಿಣ ಎನ್ನುವ ಟ್ಯೂಬ್ ಲೈಟು ನೋಡಿದೆ.
ಕಿಬ್ಬೊಟ್ಟೆ ಒಮ್ಮೆ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡಿತು.
ಆಮೇಲೆ ಕೇಳಿತು, ನನಗೆ ಚೆನ್ನಾಗಿ ಗೊತ್ತಿರುವ ಸದ್ದು:
ಕಚಕ್.
"ದಾರಾನಾ ಸಿಸ್ಟರ್?"
"ಹೂಂ. ಒಂದಿಷ್ಟು ಬಿಟ್ಟಿದೀನಿ."
ಬಿಟ್ಟರೆ ನಮ್ಮ ಮೇಸ್ತ್ರಿ ವಾಪಸ್ ಕಳಿಸ್ತಾನೆ ಅಂದೆ.
ಈಗ ನಕ್ಕಳು.
"ಇದು ಇರಬೇಕು. ಪ್ರತಿ ಸಲ ಮುಟ್ಟಾದ ಮೇಲೆ
ಕೈ ತೊಳೆದು ಮುಟ್ಟಿ ನೋಡು, ಐತೋ ಇಲ್ಲೋ.
ಸಿಗಲಿಲ್ಲಾಂದ್ರೆ ಓಡಿ ಬಾ.
ಬ್ಯಾಡ ಅನ್ಸಿದ ದಿನ ಇದನ್ನೇ ಹಿಡಿದು ತೆಗೀತೀನಿ.
ಇಲ್ಲಾಂದ್ರೆ ಹತ್ತು ವರ್ಷ."

ಮೊದಲ ಮೂರು ತಿಂಗಳು ಸುಳ್ಳು ಹೇಳಲಾರೆ,
ಬಾವಿ ತೋಡಿದಂತೆ ರಕ್ತ,
ಬೆನ್ನು ಗೋಡೆಗೊತ್ತಿ ಕೂತೇ ದಾರ ಕತ್ತರಿಸಿದೆ.
ಆಮೇಲೆ ಅದೂ ಒಗ್ಗಿತು,
ಹೊಸ ಜೀನ್ಸು ಎರಡು ಒಗೆತಕ್ಕೆ ಮೆತ್ತಗಾದ ಹಾಗೆ.

ಅತ್ತೆಗೆ ಹೇಳಿಲ್ಲ.
"ಇನ್ನೊಂದು ಗಂಡಾಗಿದ್ರೆ" ಎಂದಾಗೆಲ್ಲ
ಅಕ್ಕಿಯಲ್ಲಿ ಕಲ್ಲು ಹುಡುಕುತ್ತೇನೆ.

ತಿಂಗಳಿಗೊಮ್ಮೆ, ಬಚ್ಚಲ ಚಿಲಕ ಹಾಕಿ,
ಸೋಪಿನಲ್ಲಿ ಎರಡು ಸಲ ಕೈ ತೊಳೆದು
ನೀಲಿ ಉಗುರಿನ ಬೆರಳಿನಿಂದ ಹುಡುಕುತ್ತೇನೆ.
ಇದೆ.
ದಿನಕ್ಕೆ ನಾನು ಮುಟ್ಟುವ ಸಾವಿರ ದಾರಗಳಲ್ಲಿ
ನನ್ನದು ಅಂತ ಇರುವುದು ಅದೊಂದೇ.

ಹತ್ತು ವರ್ಷ ಅಂದರೆ ಎಷ್ಟು ಪ್ಯಾಂಟು
ಅಂತ ಒಮ್ಮೆ ಲೆಕ್ಕ ಹಾಕಲು ಕೂತೆ.
ಚಹಾ ಬಂತು, ಬಿಟ್ಟೆ.
ನೂರರ ಕಟ್ಟಿನಲ್ಲಿ ಈಗ ನೂರೇ ಇರುತ್ತವೆ.