ಕೋವಿಯ ರಸೀದಿ

ಮಡಿಕೇರಿಗೆ ಹೊರಟಾಗ ನನ್ನ ಬಳಿ ಇದ್ದದ್ದು
ಒಂದೇ ಮಾತು: ಏಳನೇ ಕಲಮು ಬೇಡ.
ಪಂಚಾಯಿತಿ ಚುನಾವಣೆ ಬಂದಾಗಲೆಲ್ಲ
ಕೋವಿಗಳನ್ನು ಠಾಣೆಗೆ ಒಪ್ಪಿಸತಕ್ಕದ್ದು
ಎನ್ನುವ ಕಲಮಿನ ವಿರುದ್ಧ
ಒಕ್ಕದವರ ಇಪ್ಪತ್ತಾರು ಸಹಿ, ಹಾಸಿಗೆ ಹಿಡಿದ
ಚೋಂದವ್ವಜ್ಜಿಯ ಹೆಬ್ಬೆಟ್ಟೂ ಸೇರಿ.

ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ:
ಗಂಡು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು,
ಕೈಲ್‌ಪೊಳ್ದ್ ದಿನ ನಳಿಗೆಯ ಬಾಯಿಗೆ ತೋಕ್‌ಪೂ.
ಕಳೆದ ಸಲ ಠಾಣೆಯಿಂದ ಬಿಡಿಸಿ ತಂದಾಗ
ಕುದುರೆಗೆ ತುಕ್ಕು, ಹಿಡಿಗೆ ಸೀಮೆಎಣ್ಣೆ ವಾಸನೆ,
ಕೊರಳಿಗೆ ಕಟ್ಟಿದ ಚೀಟಿ: ೨೧೪.
ಇದನ್ನೆಲ್ಲ ಹೇಳಬೇಕು, ಅಳಬಾರದು.

ಮೂರ್ನಾಡು ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ
ಯಾರೋ ಕೆಮ್ಮಿದರು. ತಿರುಗಿದರೆ
ನಮ್ಮ ಲೈನ್‌ಮನೆಯ ಬೊಳಕ.
‘ನಾನೂ ಅಲ್ಲಿಗೇ ಅವ್ವಾ. ಹೆಸರು ಹೋಗಿದೆಯಂತೆ.’
ಎಲ್ಲಿಂದ?
‘ಓಟಿನ ಲಿಸ್ಟಿಂದ. ಹೋಗಿದೆ ಅಂತಾರೆ ಒಬ್ಬರು,
ಬಂದೇ ಇರಲಿಲ್ಲ ಅಂತಾರೆ ಇನ್ನೊಬ್ಬರು.’
ಅವನ ಅಂಗಿ ಜೇಬಿನಲ್ಲಿ ಪ್ಲಾಸ್ಟಿಕ್ ಸುತ್ತಿದ ರೇಷನ್ ಕಾರ್ಡು,
ಮೆಣಸಿನ ಬಳ್ಳಿ ಹತ್ತುವಾಗಲೂ ಅದು ಅಲ್ಲೇ ಇರುತ್ತದೆ.

ಸಭಾಂಗಣದಲ್ಲಿ ಪ್ರತಿಯೊಬ್ಬರಿಗೂ ಮೂರು ನಿಮಿಷ.
ಕರೆಗಂಟೆಯ ಪಕ್ಕ ಬಿಸ್ಕತ್ತಿನ ತಟ್ಟೆ.
ನನ್ನ ಸರದಿ ಬಂತು, ಎದ್ದೆ,
ಕರಡಿನ ಹಾಳೆ ಮಗುಚುವಾಗ ಏಳು ತಪ್ಪಿ ಒಂಬತ್ತು ತೆರೆಯಿತು:
*ತೋಟದ ಲೈನುಗಳಲ್ಲಿ ವಾಸಿಸುವವರು
ಮಾಲೀಕರ ಸಹಿಯುಳ್ಳ ವಾಸದ ದೃಢೀಕರಣ ಲಗತ್ತಿಸತಕ್ಕದ್ದು.*

ಆ ಕಾಗದ ನನಗೆ ಗೊತ್ತಿತ್ತು.
ಎರಡು ವರ್ಷದಿಂದ ನಮ್ಮ ಮೇಜಿನ ಗಾಜಿನಡಿ ಇದೆ,
ರಸಗೊಬ್ಬರದ ಬಿಲ್ಲಿಗೆ ಅಂಟಿಕೊಂಡು.
ಸಹಿ ಹಾಕಿದರೆ ನಾಳೆ ನಿವೇಶನ ಕೇಳುತ್ತಾರೆ
ಎಂದಿದ್ದ ತಮ್ಮ. ನಾನು ಬೇಡವೆನ್ನಲಿಲ್ಲ.
ಕಾಫಿ ಕುಡಿದು ಲೋಟ ಅದರ ಮೇಲೇ ಇಟ್ಟಿದ್ದೆ.

ಮೂರು ನಿಮಿಷದಲ್ಲಿ ಏನು ಹೇಳಿದೆನೋ.
ಕೋವಿಗೆ ನಂಬರಿದೆ, ಅಂದೆ.
ಮಾಡಿದವನ ಹೆಸರು, ಕೊಂಡವನ ಹೆಸರು,
ಹಿಡಿ ಬದಲಿಸಿದ ವರ್ಷ, ಎಲ್ಲ ದಫ್ತರದಲ್ಲಿದೆ.
ಒಪ್ಪಿಸಿದರೆ ರಸೀದಿ ಕೊಡುತ್ತೀರಿ.
ಈ ಮನುಷ್ಯನನ್ನು ಯಾವ ರಸೀದಿ ಕೊಟ್ಟು ಇಟ್ಟುಕೊಂಡಿದ್ದೀರಿ,
ಅಲ್ಲ, ಇಟ್ಟುಕೊಂಡಿದ್ದೇವೆ...
ಗಂಟೆ ಬಾರಿಸಿತು.
ಒಕ್ಕದವರು ನನ್ನತ್ತ ನೋಡದೆ ಚಹಾಕ್ಕೆ ಹೋದರು.

ಹೊರಗೆ ಗುಮಾಸ್ತ ನಮೂನೆ ತುಂಬುತ್ತಿದ್ದ.
ಹುಟ್ಟಿದ ದಿನ?
ಬೊಳಕ ನನ್ನ ಕಡೆ ಬೆರಳು ತೋರಿಸಿದ:
‘ಇವರ ಮನೆಗೆ ಜೋಡುನಳಿಗೆ ಬಂದ ಮಾರನೇ ದಿನ.
ಹಿರಿಸಾಹುಕಾರ್ರು ಹಲಸಿನ ಮರಕ್ಕೆ ಗುರಿಯಿಟ್ಟು ಹಾರಿಸಿದ್ದಕ್ಕೆ
ಬೆಚ್ಚಿ ನಮ್ಮವ್ವನಿಗೆ ನೋವು ಬಂತಂತೆ.’
ಗುಮಾಸ್ತ ನಕ್ಕ. ನಾನೂ ನಕ್ಕೆ.
ಆಮೇಲೆ ಬಸ್‌ಸ್ಟ್ಯಾಂಡಿನವರೆಗೂ ಮಾತಾಡಲಿಲ್ಲ.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಅಂಟಿಸಿ
ಮಾಹಿತಿ ಹಕ್ಕಿನಡಿ ಕೇಳಿದೆ:
ಸದರಿ ಕೋವಿ ನಮ್ಮ ಮನೆಯ ಹೆಸರಿಗೆ ದಾಖಲಾದ
ಪುಟದ ದೃಢೀಕೃತ ನಕಲು.
ಕಾರಣ ಬರೆಯಬೇಕಿಲ್ಲ ಎನ್ನುತ್ತದೆ ಕಾಯಿದೆ.
ಬರೆದೆ: ಒಬ್ಬರ ವಯಸ್ಸು ಅದರಲ್ಲಿದೆ.
ಇಪ್ಪತ್ತೊಂಬತ್ತನೇ ದಿನ ಉತ್ತರ:
ಸದರಿ ಸಂಪುಟ ಗೆದ್ದಲು ಹಿಡಿದಿರುವುದರಿಂದ.
ಅಷ್ಟೇ. ವಾಕ್ಯವನ್ನೂ ಮುಗಿಸಿರಲಿಲ್ಲ.
ಮೇಲ್ಮನವಿ ಹಾಕಿದ್ದೇನೆ.

ಗಾಜೆತ್ತಿ ಆ ಕಾಗದಕ್ಕೆ ಸಹಿ ಮಾಡಿದೆ,
ಲೋಟದ ಉಂಗುರದ ಗುರುತಿನ ಪಕ್ಕ.
ತಮ್ಮ ಎರಡು ದಿನ ಊಟಕ್ಕೆ ಕೂರಲಿಲ್ಲ.
ವಿಧೇಯಕ ಏನಾಯಿತೋ,
ಏಳು ಉಳಿಯಿತೋ, ಒಂಬತ್ತು ಬಿತ್ತೋ, ಯಾರೂ ಹೇಳುತ್ತಿಲ್ಲ.

ಕೈಲ್‌ಪೊಳ್ದ್ ಹಿಂದಿನ ಸಂಜೆ ಜಗಲಿಯಲ್ಲಿ
ಬೊಳಕ ಕೋವಿಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದ.
‘ಇದರ ನಂಬರು ಎಲ್ಲಿದೆ ಅವ್ವಾ?’
ತೋರಿಸಿದೆ. ಹೆಬ್ಬೆಟ್ಟಿನಿಂದ ಸವರಿದ,
ಕಣ್ಣು ಕಾಣದವರು ಮುಖ ಸವರುವ ಹಾಗೆ.
‘ಒಂದು ದಿನ ದೊಡ್ಡದು ನನಗಿಂತ,’ ಅಂದ,
ಬಟ್ಟೆ ಮಡಚಿ ಇನ್ನೊಂದು ಮಗ್ಗುಲು ತಿಕ್ಕತೊಡಗಿದ.