ನಾಲ್ಕು ಬೆರಳು

ಉಗಾದಿ ಕಳೆದು ಒಂಬತ್ತನೆಯ ದಿನ
ಅತ್ತೆ ಗದ್ದೆಮ್ಮ ಹುಲ್ಲಿನಲ್ಲಿ ಕೂತು
ಎಡಗೈ ಊರಿದಳು ಬುಡಕ್ಕೆ.
"ಮೊಳ ಬಂದ್ರ ಬಿಡು, ನಾಕು ಬೆರಳು ಉಳಿದ್ರ ಹೊರಗ ಹೊಡಿ."
ಅಷ್ಟೇ ಅವಳ ಶಾಸ್ತ್ರ.
ಆ ಕೈಯಲ್ಲಿರುವುದು ಹೆಬ್ಬೆರಳು ಬಿಟ್ಟರೆ ಎರಡೇ ಬೆರಳು.
ಇಲ್ಲದ ಎರಡನ್ನೂ ಸೇರಿಸಿಯೇ ಅಳೆಯುತ್ತಾಳೆ,
ಆ ಖಾಲಿಯೊಳಗೆ ಹುಲ್ಲು ನೆಟ್ಟಗೆ ನಿಂತಿರುತ್ತದೆ.

ಮೇವು ಕತ್ತರಿಸುವ ಮಷೀನಿನ ಬಾಯಿಗೆ ಹೋದವು,
ನಡುರಾತ್ರಿ ಕರೆಂಟು ಬಂದಾಗ, ಜೋಳದ ದಂಟಿನ ಜೊತೆ.
"ಆಕಳು ತಿಂತೋ ಏನೋ, ನೋಡಾಕ ಯಾರಿಗೆ ಪುರಸೊತ್ತು"
ಎಂದು ನಕ್ಕಿದ್ದಳು, ನಾನು ಮದುವೆಯಾಗಿ ಬಂದ ವರ್ಷ.
ಕೈ ಮಾಯುವಷ್ಟರಲ್ಲಿ ಮಷೀನು ಗುಜರಿಗೆ ಹಾಕಿ
ಸೋಲಾರ್ ಬೇಲಿಯ ತಂತಿ ತಂದಳು ಕಾರಟಗಿಯಿಂದ.
ಮೇವು ದನದ ಕಡೆ ಬರುವುದು ಸಾಕು,
ದನವೇ ಮೇವಿನ ಕಡೆ ಹೋಗಲಿ.

ಹೋಗಲು ನೆಲವಾದರೂ ಎಲ್ಲಿತ್ತು?
ಕಾಲುವೆ ಬಂದಾಗಿನಿಂದ ಭತ್ತದ ಮೇಲೆ ಭತ್ತ,
ನೀರಿನ ಮೇಲೆ ನೀರು.
ಕೊನೆಗೆ ಎರೆನೆಲ ಬೆವರಿತು:
ಬಿಳೀ ಸವಳು,
ಹಮಾಲನ ಅಂಗಿಯ ಬೆನ್ನಿನ ಹಾಗೆ.
ಬಸಿಗಾಲುವೆ ತೋಡಿಸಿದಳು. ಜಿಪ್ಸಮ್ ಚೆಲ್ಲಿದಳು.
ರೋಡ್ಸ್ ಹುಲ್ಲಿನ ಬೀಜ (ಬೀಜವೇ ಅದು? ಊದಿದರೆ ಹಾರುವ ಹೊಟ್ಟು)
ಬೂದಿಯಲ್ಲಿ ಕಲಸಿ ಎರಚಿದಳು.
ಮೊದಲ ವರ್ಷ ತೇಪೆ ತೇಪೆ.
ಎರಡನೆಯ ವರ್ಷ ತೇಪೆಗಳು ಕೈ ಕೈ ಹಿಡಿದವು.
ಇದು ಮೂರನೆಯದು.

ಹೊಸ ಚಿಗುರಿಗೆ ಒಮ್ಮೆಲೇ ಬಿಡುವಂತಿಲ್ಲ.
ನೆಲ್ಲುಹುಲ್ಲು ಅಗಿದಗಿದು ಒಣಗಿದ ಹೊಟ್ಟೆಗಳು.
ಮೊದಲ ದಿನ ಅರ್ಧ ತಾಸು, ಮರುದಿನ ಒಂದು,
ಅದೂ ಮನೆಯಲ್ಲಿ ಒಣಮೇವು ತಿನ್ನಿಸಿ.
ಹೋದ ವರ್ಷ ಮುರುಕಿ ತಂತಿ ಹಾರಿ
ಅಂಚಿನ ಕುದುರೆಮೆಂತೆಗೆ ಬಾಯಿಟ್ಟು
ಎಡಪಕ್ಕೆ ಹಲಗೆಯಂತೆ ಬಿಗಿದಿತ್ತು.
ಗೊಟ್ಟದಲ್ಲಿ ಕುಸುಬಿ ಎಣ್ಣೆ ಹೊಯ್ದು
ಬೆಳಗಿನ ತನಕ ನಡೆಸಿದೆವು ಅದನ್ನು,
ಹಿಂದೆ ನಾನು, ಮುಂದೆ ಅತ್ತೆ,
ನಡುವೆ ದೇವರೇ ಎನ್ನಲೂ ಉಸಿರಿಲ್ಲದ ಆಕಳು.

ಈಗ ಸಗಣಿ ನೋಡಿ ಹೇಳುತ್ತೇನೆ ನಾನೂ.
ಪಾಯಸವಾದರೆ ಒಣಮೇವು ಹೆಚ್ಚಿಸು,
ಹೋಳಿಗೆಯಾದರೆ ತಂತಿ ಸರಿಸು.
ಡೈರಿಯ ಖಾಜಾಹುಸೇನ್ ಹಾಲಿನ ಮುಚ್ಚಳ ತೆಗೆದು
"ಇವತ್ತು ಎರಡನೇ ಪಟ್ಟಿಯಾಗ ಬಿಟ್ಟಿದ್ರೇನು?" ಎನ್ನುತ್ತಾನೆ.
ಅವನಿಗೆ ಹೇಗೆ ಗೊತ್ತಾಗುತ್ತದೋ!

ಹತ್ತನೆಯ ದಿನ ಕ್ಯಾಂಪಿನ ವೀರರಾಜು ಬೈಕಿನಲ್ಲಿ ಬಂದ.
ಒಳ್ಳೆಯ ಮನುಷ್ಯ. ಲೀಸಿಗೆ ಕೊಡಿ ಅಂದ,
ಎಕರೆಗೆ ಹದಿನಾರು ಚೀಲ, ನೆಲ ಈಗ ಸುಧಾರಿಸಿದೆಯಲ್ಲ.
ಅತ್ತೆ ಉತ್ತರ ಕೊಡದೆ ಸಲಿಕೆ ಹಾಕಿ
ಒಂದು ಹೆಂಟೆ ಮಗುಚಿದಳು.
ಕೆಳಗೆಲ್ಲ ಬೇರು, ತಲೆಗೂದಲಿನಷ್ಟು ಒತ್ತಾಗಿ,
ಒಂದು ಎರೆಹುಳು ಬೆಳಕಿಗೆ ನಾಚಿ ಒಳಗೆಳೆದುಕೊಂಡಿತು.
ಚಿಟಿಕೆ ಮಣ್ಣು ನಾಲಿಗೆಗೆ ಇಟ್ಟುಕೊಂಡು
ಚಪ್ಪರಿಸಿ, ಪಕ್ಕಕ್ಕೆ ಉಗುಳಿ,
"ಇನ್ನೂ ಒಂಚೂರು ಉಪ್ಪೈತಿ," ಅಂದಳು.
ವೀರರಾಜು ನಕ್ಕು ಚಹಾ ಕುಡಿದು ಹೋದ.

ಅವನು ಹೋದ ಮೇಲೆ ನನಗಂದಳು:
"ಸುಳ್ಳು. ಉಪ್ಪು ಹೋಗೇತಿ.
ಹುಲ್ಲೂ ಕಾಯಂ ಅಲ್ಲ ತಗೋ.
ಮುಂಗಾರಿಗೆ ಆರನೇ ಪಟ್ಟಿ ಉಳುಮಿ ಮಾಡಿ ಜೋಳ ಹಾಕೂನು.
ಮೊಳಕಾಲುದ್ದ ಪೈರಿನ್ಯಾಗ ದನ ಬಿಟ್ಟಿ ಅಂದ್ರ ಮಾತ್ರ
ವಿಷ, ನೆನಪಿಟ್ಕ."

ಕಾಲುವೆಯ ಕೊನೆಯ ನೀರು ಆ ರಾತ್ರಿ ನಮ್ಮ ಸರದಿ.
ನಾಳೆಯಿಂದ ಬಂದ್.
ಇನ್ನು ಹುಲ್ಲು ಬದುಕುವುದು ಬೇರಿನ ಮೇಲೆ,
ಬೇರು ಬದುಕುವುದು ನಾವು ತಿನ್ನಿಸದೆ ಬಿಟ್ಟದ್ದರ ಮೇಲೆ.

ಬೆಳಗಿನ ಜಾವ ತಂತಿ ಸರಿಸಲು ಹೋದೆ.
ಹನ್ನೊಂದು ಮೂತಿಗಳು ಗೂಟದ ಬಳಿ ಸಾಲಾಗಿ,
ಬಿಸಿ ಉಸಿರು, ಕತ್ತಲು.
ಬಗ್ಗಿ ನನ್ನ ನಾಲ್ಕು ಬೆರಳೂ ಬುಡಕ್ಕೆ ಊರಿದೆ.
ಸರಿಯಾಗಿದೆ ಅನ್ನಿಸಿತು.
ಬದುವಿನ ಮೇಲಿಂದ ದನಿ ಬಂತು:
"ನಿನ್ನವು ದಪ್ಪ ಅದಾವ. ಮೂರು ಸಾಕು."